ಹೊಳೆಯಾಚೆಯ ಪರದೇಶ

ಶನಿವಾರ ಮಧ್ಯಾಹ್ನ ಕಚೇರಿ-ಶಾಲೆಗಳ ಬಾಗಿಲು ಮುಚ್ಚಿತೆಂದರೆ ನಮ್ಮ ಪೇಟೆಗಳ ವಿದ್ಯಾವಂತ ಗೃಹಸ್ಥರ ಬಾಯಲ್ಲಿ ಪ್ರವಾಸದ ಮಾತು ಹೊರಡುವದು. ಈಚೆಗೆ ಈ ಮಾತು ನಾಡಿನ ಎಲ್ಲೆಯನ್ನು ದಾಟಿ ಪರದೇಶಗಳ ವರೆಗೂ ಹೋಗಿರುವದು. ಎರಡು ದಿನದ ರಜೆಯಲ್ಲಿ ಸಮುದ್ರದಾಚೆಯ ಪಟ್ಟಣಗಳನ್ನು ಕಂಡು ಬರುವವರೂ, ಕಂಡುದನ್ನು ನೆರೆಹೊರೆಯವರ ಮುಂದೆ ಬಣ್ಣಿಸುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಇದನ್ನು ನಾವು ಹಳಿಯುವದಿಲ್ಲ. ಲೋಕವನ್ನು ನೋಡಿದ ಕಣ್ಣು ತನ್ನ ಮನೆಯನ್ನೂ ಚೆನ್ನಾಗಿ ನೋಡಬಲ್ಲುದು. ಆದರೆ ಯಾವ ಪರವಾನಗಿಯ ಕಾಗದವೂ ಇಲ್ಲದೆ, ರೈಲಿನಲ್ಲಿ ಕಾಲು ಗಂಟೆಯಷ್ಟು ಮಾತ್ರ ಕುಳಿತು, ನಾವು ಕಳೆದ ಶನಿವಾರ-ರವಿವಾರಗಳಲ್ಲಿ ಒಂದು ಪರದೇಶ ಪ್ರವಾಸವನ್ನು ಮಾಡಿ ಬಂದಿರುವೆವು. ಹೊರಟ ಊರು ಹುಲಿಗಿ. ಮುಟ್ಟಿದ ಪಟ್ಟಣ ಹೊಸಪೇಟೆ. ನಡುವೆ ಇರುವದು ತುಂಗಭದ್ರೆ.

ವಾಚಕರು ನಕ್ಕಾರು. ಹೊಸಪೇಟೆಯು ಪರದೇಶವಾದುದು ಯಾವಾಗ? ಎಂದು ಕೇಳಿಯಾರು. ಅವರು ಹೀಗೆ ಕೇಳುವದರಲ್ಲಿಯೇ ನಮ್ಮ ಹಿರಿಯರ ಗೆಲವು ಅಡಗಿರುವದು. ನಮ್ಮ ಮರೆವೂ ಅದರಲ್ಲಿಯೇ ಅಡಗಿರುವದು. ಈ ಎರಡನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದೇ ಈ ಲೇಖನವನ್ನು ಕೈಕೊಂಡಿದ್ದೇವೆ.

ಶನಿವಾರ ಸಂಜೆ ನಾವು ಮುನಿರಾಬಾದ ನಿಲ್ದಾಣದಲ್ಲಿಳಿದು ಹುಲಿಗಿಗೆ ನಡೆದೆವು. ಹೊಳೆಯ ದಂಡೆಯ ಮೇಲೆ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಇಲ್ಲಿ ಕಾಲಿಡಲು ಎಡೆಯಿರುವದಿಲ್ಲ. ಅಂದು ಜನಸಂದಣಿ ಅಷ್ಟಿರಲಿಲ್ಲವಾದರೂ ಕನ್ನಡ, ತೆಲುಗು, ಮರಾಠಿ ಮೂರು ಮಾತುಗಳೂ ಕಿವಿಗೆ ಬಿದ್ದವು. ತಾಯಿಯ ಮುಂದೆ ಯಾರೂ ಯಾರನ್ನೂ ಯಾವ ಸೀಮೆಯವರೆಂದು ಕೇಳುವದಿಲ್ಲ. ಮಿಂದವರು ಒದ್ದೆಯ ಬಟ್ಟೆಯಲ್ಲಿಯೇ ಮೆಟ್ಟಿಲೇರಿ ಬರುತ್ತಿದ್ದರು. ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ, ತೊಂಬತ್ತರ ಸಮೀಪಕ್ಕೆ ಬಂದ ಮುದುಕಿಯೊಬ್ಬಳೊಡನೆ ಮಾತಿಗೆ ಕುಳಿತೆವು.

“ಯವ್ವಾ, ಆಗ ಹೊಳಿ ದಾಟೂದು ಹ್ಯಾಂಗಿತ್ತು?” ಎಂದು ಕೇಳಿದೆವು.

“ಹ್ಯಾಂಗ ಇರತೈತ್ರೀ ಸಾಹೇಬ್ರ? ಇದು ಮೊಗಲಾಯಿ, ಅದು ಕಂಪನಿ ಸರಕಾರ. ಸಂತಿ ಮಾಡಿಕೊಂಡು ಬಂದ್ರ ನಾಕಾದಾಗ ಗಂಟು ಬಿಚ್ಚಿ ತೋರಸಬೇಕು. ನಮ್ಮ ರೊಕ್ಕ ಅಲ್ಲೆ ಕೊಟ್ರ ಕಡಿಮಿ ಹಿಡೀತಿದ್ರು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ತಾನಾಗಿಯೇ ಮುಂದುವರಿಸಿದಳು: “ರಜಾಕಾರರ ಗದ್ದಲದಾಗ ಒಂದಿನ ರಾತ್ರಿ ನಮ್ಮವ್ವ ನಮ್ಮನ್ನ ಹರಗೋಲದಾಗ ಕುಂದರಿಸಿಕೊಂಡು ಆಚಿ ದಂಡಿಗೆ ಹೋದಳು. ನಮ್ಮ ತಮ್ಮ ಕೂಸು. ಅಳತಾನಂತ ಅವನ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ದಂಡಿ ಮುಟ್ಟಿದ ಮ್ಯಾಲೆ ಕೈ ತಗದು, ‘ಇನ್ನ ಅಳಪಾ’ ಅಂದಳು.”

ಈ ಮಾತನ್ನು ಕೇಳಿದ ಮೇಲೆ ನಮಗೆ ಬೇರೆ ಪ್ರಶ್ನೆ ಹೊಳೆಯಲಿಲ್ಲ. ಒಂದೇ ಹೊಳೆ, ಒಂದೇ ನೀರು, ಎರಡೂ ದಂಡೆಗಳಲ್ಲಿ ಒಂದೇ ಮಾತು. ಆದರೂ ಕೂಸು ಅಳಬಹುದಾದ ದಂಡೆ ಒಂದು, ಅಳಬಾರದ ದಂಡೆ ಒಂದು. ಗಡಿಯೆಂದರೇನೆಂಬುದನ್ನು ಯಾವ ಕಾನೂನು ಗ್ರಂಥವೂ ನಮಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಈ ಗಡಿಯನ್ನು ಮಾಡಿದವರಾರು? ನಾವು ವಕೀಲಿ ವೃತ್ತಿಯವರಾದುದರಿಂದ ದಸ್ತಾವೇಜನ್ನು ನೋಡದೆ ಮಾತಾಡಲಾರೆವು. 1792 ಹಾಗೂ 1799ರ ಯುದ್ಧಗಳ ತರುವಾಯ ಟಿಪ್ಪೂ ಸುಲ್ತಾನನ ರಾಜ್ಯದಲ್ಲಿಯ ಬಳ್ಳಾರಿ ಮುಂತಾದ ಸೀಮೆಗಳು ನಿಜಾಮನ ಪಾಲಿಗೆ ಬಂದವು. 1800ನೆಯ ಇಸವಿಯ ಅಕ್ಟೋಬರದಲ್ಲಿ ನಿಜಾಮನು, ತನ್ನ ರಾಜ್ಯದಲ್ಲಿರುವ ಕಂಪನಿ ಸೈನ್ಯದ ವೆಚ್ಚಕ್ಕೆಂದು, ಹಾಗೆ ಬಂದ ಸೀಮೆಗಳನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದುದು ಇದೇ. ಆದರೆ ಈ ಕರಾರಿನಲ್ಲಿ ಇನ್ನೊಂದು ಕಲಮು ಉಂಟು. ಎರಡು ರಾಜ್ಯಗಳ ನಡುವೆ ಸ್ಪಷ್ಟವಾದ ಎಲ್ಲೆಯಿರಬೇಕೆಂದು ತುಂಗಭದ್ರೆಯನ್ನೇ ಎಲ್ಲೆಯಾಗಿ ಆರಿಸಲಾಯಿತು. ನದಿಯ ಉತ್ತರಕ್ಕಿರುವ ಕೊಪ್ಪಳ ಮೊದಲಾದ ಭಾಗಗಳನ್ನು ನಿಜಾಮನು ಇಟ್ಟುಕೊಂಡನು. ಅದರ ಬದಲಾಗಿ ದಕ್ಷಿಣಕ್ಕಿರುವ ಆದವಾನಿಯನ್ನು ಕಂಪನಿಗೆ ಕೊಟ್ಟನು. ಸಂತೆಯಲ್ಲಿ ಎತ್ತು ಬದಲಾಯಿಸುವವರು ಕೂಡ ಎತ್ತಿನ ಹಲ್ಲು ನೋಡುವರು. ಕೊಪ್ಪಳಕ್ಕೆ ಆದವಾನಿಯನ್ನು ಬದಲಾಯಿಸಿದವರು ಅಲ್ಲಿಯ ಜನರ ನಾಲಗೆಯನ್ನು ನೋಡಲಿಲ್ಲ, ಅವರ ನಂಟಸ್ತಿಕೆಯನ್ನು ನೋಡಲಿಲ್ಲ, ಅವರ ದೇವರನ್ನು ನೋಡಲಿಲ್ಲ. ನಕಾಶೆಯ ಮೇಲೆ ನೀಲಿಯ ಗೆರೆಯೊಂದು ಸಿದ್ಧವಾಗಿತ್ತು. ಬೇಲಿ ಹಾಕುವ ಶ್ರಮ ಉಳಿಯಿತು.

ಆ ಗೆರೆಯ ಫಲವನ್ನು ನಾಲ್ಕೈದು ತಲೆಮಾರಿನ ಜನರು ಉಂಡರು. ಹುಲಿಗಿಯಲ್ಲಿ ನಡೆಯುತ್ತಿದ್ದುದು ನಿಜಾಮನ ಹಾಲಿ ಸಿಕ್ಕಾ. ಹೊಸಪೇಟೆಯಲ್ಲಿ ಇಂಗ್ರೇಜಿ ಕಲ್ದಾರ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ರೂಢಿಯ ದರ. 1802ರ ವಾಣಿಜ್ಯ ಕರಾರಿನ ಮೇರೆಗೆ ಸರಕಿನ ಬೆಲೆಯ ಮೇಲೆ ನೂರಕ್ಕೆ ಐದರ ಸುಂಕ. ಅದನ್ನು ವಸೂಲು ಮಾಡುತ್ತಿದ್ದುದು ಕರೋಡಗಿರಿ ಇಲಾಖೆ. ಅಂಚೆಯ ತಿಕೀಟು ಬೇರೆ. ಕಾಗದಪತ್ರಗಳ ಮೇಲಿನ ವರ್ಷವೂ ಬೇರೆ. ಈಚೆಗೆ ಫಸಲಿ, ಆಚೆಗೆ ಇಸವಿ. ಈಚೆಯ ಕಚೇರಿಗಳ ಭಾಷೆ 1884ರಿಂದ ಉರ್ದುವಾಯಿತು. ಹುಲಿಗಿಯ ಒಕ್ಕಲಿಗನು ತನ್ನ ಹೊಲದ ವ್ಯಾಜ್ಯವನ್ನು ತಿಳಿಯದ ಭಾಷೆಯಲ್ಲಿ ನಡೆಯಿಸಬೇಕು, ತಿಳಿಯದ ಭಾಷೆಯಲ್ಲಿ ಸೋಲಬೇಕು. ಹೊಸಪೇಟೆಯವನ ಪಾಡು ಇದಕ್ಕಿಂತ ಬಹಳ ಉತ್ತಮವಾಗಿತ್ತೆಂದು ಹೇಳಲಾಗದು. ಆತನ ಜಿಲ್ಲೆಯು ಮದ್ರಾಸ ಇಲಾಖೆಗೆ ಸೇರಿದುದು. ದೂರದ ಮದ್ರಾಸಿನ ದೊಡ್ಡ ಕಚೇರಿಗಳಲ್ಲಿ ಆತನ ಕನ್ನಡವನ್ನು ಕೇಳುವವರು ವಿರಳ.

ರೈಲು ಹಾದಿಯನ್ನು ನೋಡಿದರೆ ಈ ಛಿದ್ರತೆಯು ಇನ್ನೂ ಸ್ಪಷ್ಟವಾಗುವದು. ಬಳ್ಳಾರಿಯಲ್ಲಿ ಹತ್ತಿದ ಪ್ರಯಾಣಿಕನು ಹೊಸಪೇಟೆಯ ವರೆಗೆ ಮದ್ರಾಸ ಇಲಾಖೆಯಲ್ಲಿಯೂ, ಹೊಳೆಯ ಸೇತುವೆ ದಾಟಿ ಮುನಿರಾಬಾದ, ಕೊಪ್ಪಳಗಳಲ್ಲಿ ನಿಜಾಮನ ರಾಜ್ಯದಲ್ಲಿಯೂ, ಅಲ್ಲಿಂದ ಮುಂದೆ ಗದಗಿನಲ್ಲಿ ಮುಂಬಯಿ ಇಲಾಖೆಯಲ್ಲಿಯೂ ಇರುತ್ತಿದ್ದನು. ಅರ್ಧ ದಿವಸದ ಹಾದಿಯಲ್ಲಿ ಮೂರು ಸರಕಾರ; ಹಾದಿಯುದ್ದಕ್ಕೂ ಕಿಟಕಿಯ ಹೊರಗೆ ಶೇಂಗಾ ಮಾರುವವಳ ಕೂಗು ಮಾತ್ರ ಅದೇ ಕನ್ನಡ.

ಎಲ್ಲಕ್ಕೂ ಮಿಗಿಲಾದ ವಿಪರ್ಯಾಸವು ಹುಲಿಗಿಯಿಂದ ಹೊಳೆಯ ಗುಂಟ ಕೆಳಗೆ ಹೋದರೆ ಕಾಣುವದು. ಆನೆಗುಂದಿ ಉತ್ತರ ದಂಡೆಯಲ್ಲಿ, ಹಂಪೆ ದಕ್ಷಿಣ ದಂಡೆಯಲ್ಲಿ. ಒಂದೇ ಸಾಮ್ರಾಜ್ಯದ ತಾಯಿಯೂರು ನಿಜಾಮನ ರಾಜ್ಯದಲ್ಲಿ, ರಾಜಧಾನಿಯು ಮದ್ರಾಸ ಇಲಾಖೆಯಲ್ಲಿ! 1905ರಲ್ಲಿ ಆಲೂರ ವೆಂಕಟರಾಯರು ಈ ಹಾಳು ಊರನ್ನು ಕಂಡು ಕನ್ನಡ ನಾಡಿನ ಸೇವೆಗೆ ಮನಸ್ಸನ್ನು ಮೀಸಲಿಟ್ಟರೆಂಬುದು ನಮ್ಮ ವಾಚಕರಿಗೆ ತಿಳಿದುದೇ. ಆದರೆ ಅವರು ಕಂಡುದು ಮುರಿದ ಗುಡಿಗಳನ್ನು ಮಾತ್ರವಲ್ಲ, ಮುರಿದ ನಾಡನ್ನು ಕೂಡ.

ಕಾಗದದ ಗಡಿಯನ್ನು ಮನಸ್ಸು ಮೊದಲು ದಾಟಿತು, ಕಾನೂನು ಆಮೇಲೆ ದಾಟಿತು. ಸಾಹಿತ್ಯ ಸಮ್ಮೇಳನದ ಇತಿಹಾಸವನ್ನೇ ನೋಡಿರಿ. 1926ರಲ್ಲಿ ಬಳ್ಳಾರಿಯಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆ, 1928ರಲ್ಲಿ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರದು, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರದು. ವಿಜಾಪುರದ ವಕೀಲರು ಮದ್ರಾಸ ಇಲಾಖೆಯ ಊರಿನಲ್ಲಿ, ಮೈಸೂರಿನ ಪ್ರಾಧ್ಯಾಪಕರೂ ದಕ್ಷಿಣ ಕನ್ನಡದ ಶಿಕ್ಷಕರೂ ನಿಜಾಮನ ಊರುಗಳಲ್ಲಿ! ಸಭೆ ಕೂಡಿಸಬೇಕಾದರೆ ಸರಕಾರದ ಅಪ್ಪಣೆ ಬೇಕೆಂದು 53ನೆಯ ಗಸ್ತಿ ಹೊರಟಿದ್ದ ರಾಜ್ಯದಲ್ಲಿ ಕನ್ನಡದ ಸಭೆಯು ಸಣ್ಣ ಸಂಗತಿಯಲ್ಲ. ಯಲಬುರ್ಗಾ ಸೀಮೆಯ ಕುಕನೂರಿನಲ್ಲಿ 1922ರಲ್ಲಿಯೇ ವಿದ್ಯಾನಂದ ಗುರುಕುಲವು ಆರಂಭವಾಗಿ, ಕನ್ನಡದ ಮಕ್ಕಳಿಗೆ ದೇಶಾಭಿಮಾನದ ಪಾಠವನ್ನು ಹೇಳಿತು. ನಮ್ಮ ಶಿಕ್ಷಕ ಬಂಧುಗಳು ಇದನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು.

1947ರ ಆಗಸ್ಟ 15ರಂದು ಹೊಸಪೇಟೆಯಲ್ಲಿ ತ್ರಿವರ್ಣ ಧ್ವಜವೇರಿತು. ಹುಲಿಗಿಯಲ್ಲಿ ಏರಲಿಲ್ಲ. ನಿಜಾಮನು ಸ್ವತಂತ್ರನಾಗಿರಬಯಸಿದನು. ಅಂದಿನಿಂದ 1948ರ ಸಪ್ಟಂಬರ 17ರ ವರೆಗೆ, ಹದಿಮೂರು ತಿಂಗಳು, ಈ ಹೊಳೆಯು ಎರಡು ದೇಶಗಳ ಗಡಿಯಾಗಿಯೇ ಹರಿಯಿತು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿ ಶಿಬಿರಗಳನ್ನು ಕಟ್ಟಿ ಹೋರಾಡಿದರು. ಎಷ್ಟೋ ಸಂಸಾರಗಳು ಹುಲಿಗಿಯ ಆ ಮುದುಕಿಯ ಸಂಸಾರದಂತೆ ಕತ್ತಲಲ್ಲಿ ಹೊಳೆ ದಾಟಿದವು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಹೋರಾಟವು ದಬ್ಬಾಳಿಕೆಯ ಮೇಲೆ ಹೂಡಿದುದೇ ಹೊರತು ಒಂದು ಮತದವರ ಮೇಲೆ ಹೂಡಿದುದಲ್ಲ. ಹೈದರಾಬಾದು ಭಾರತದಲ್ಲಿ ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟದಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಮುಸಲ್ಮಾನರು. 1953ರಲ್ಲಿ ಬಳ್ಳಾರಿಯು ಕನ್ನಡ ನಾಡಿಗೆ ಸೇರುವ ಸಂದರ್ಭದಲ್ಲಿ ಪ್ರಾಣ ತೆತ್ತ ರಂಜಾನ್ ಸಾಬರು ಮುಸಲ್ಮಾನರು. ಪೋಲೀಸ ಕಾರ್ಯಾಚರಣೆಯ ತರುವಾಯ ಸಂಸ್ಥಾನದ ಹಲವೆಡೆ ನಿರಪರಾಧಿಗಳಾದ ಮುಸಲ್ಮಾನರು ಸೇಡಿಗೆ ಈಡಾದರೆಂಬುದನ್ನು ಪಂಡಿತ ಸುಂದರಲಾಲರ ಸಮಿತಿಯು ನೋಡಿ ಬರೆದಿರುವದು. ತಮ್ಮ ಗೆಲವನ್ನು ನೆನೆಯುವ ಜನರು ತಮ್ಮ ಕಳಂಕವನ್ನೂ ನೆನೆಯಬೇಕು. ಇಲ್ಲವಾದರೆ ನೆನಪು ಹಗೆಯ ಅಡಿಗೆಮನೆಯಾಗುವದು.

ರವಿವಾರ ಬೆಳಿಗ್ಗೆ ಹೊಳೆ ದಾಟಿದೆವು. ನಮ್ಮ ಗಂಟನ್ನು ಯಾರೂ ಬಿಚ್ಚಿಸಲಿಲ್ಲ. ಪಕ್ಕದಲ್ಲಿ ಕುಳಿತ ಕಾಲೇಜಿನ ಹುಡುಗನೊಬ್ಬನಿಗೆ, ಈ ಸೇತುವೆಯ ಎರಡು ತುದಿಗಳು ಒಮ್ಮೆ ಎರಡು ದೇಶಗಳಾಗಿದ್ದವೆಂದು ಹೇಳಿದೆವು. “ಹೌದ್ರೀ ಸರ್?” ಎಂದು ಕಿಟಕಿಯಿಂದ ಹೊಳೆಯನ್ನು ನೋಡಿದನು. ಹುಡುಗನು ಕೊಪ್ಪಳದ ಕಡೆಯವನು. ಆತನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ತರುವ ಗಡಿಗಳನ್ನೆಲ್ಲ ಆತನು ಬಲ್ಲನು. ಮನೆಯ ಮುಂದಿನ ಗಡಿಯನ್ನು ಅರಿಯನು. ತಪ್ಪು ಆತನದಲ್ಲ.

ಹೊಸಪೇಟೆಯು ಕೃಷ್ಣದೇವರಾಯನು ಕಟ್ಟಿಸಿದ ಊರು. ರಾಣಿ ನಾಗಲಾದೇವಿಯ ಹೆಸರಿನಿಂದ ನಾಗಲಾಪುರವೆನಿಸಿದ್ದುದು. ಬಾಳೆ, ಕಬ್ಬುಗಳ ತೋಟಗಳಿಗೆ ಇಂದಿಗೂ ವಿಜಯನಗರದ ಕಾಲದ ಕಾಲುವೆಗಳ ನೀರು ಹರಿಯುತ್ತಿರುವದು. 2021ರಿಂದ ಇದು ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣ. ಆದರೆ ನಾವು ಅಲ್ಲಿ ಬಹಳ ಹೊತ್ತು ನಿಂತು ನೋಡಿದುದು ಅಣೆಕಟ್ಟನ್ನು. ಮದ್ರಾಸ ಮತ್ತು ಹೈದರಾಬಾದ ಸರಕಾರಗಳು 1944ರಲ್ಲಿ ಒಪ್ಪಂದ ಮಾಡಿಕೊಂಡು, 1945ರ ಫೆಬ್ರುವರಿ 28ರಂದು ಇದಕ್ಕೆ ಅಸ್ತಿಭಾರವಿಟ್ಟವು. ಒಂದು ಕಟ್ಟೆಗೆ ಒಂದು ಅಸ್ತಿಭಾರ ಸಾಲದೆ ಹೋಯಿತು! ಎಡ ದಂಡೆಯಲ್ಲಿ ನಿಜಾಮನ ಪುತ್ರನಾದ ಬೀರಾರದ ರಾಜಕುಮಾರನು ಒಂದು ಕಲ್ಲನ್ನಿಟ್ಟನು; ಬಲ ದಂಡೆಯಲ್ಲಿ ಮದ್ರಾಸಿನ ಗವರ್ನರ ಸರ್ ಆರ್ಥರ್ ಹೋಪನು ಇನ್ನೊಂದು ಕಲ್ಲನ್ನಿಟ್ಟನು. ಎರಡು ರಾಜ್ಯಗಳು ತಮ್ಮ ತಮ್ಮ ದಂಡೆಯಿಂದ ಕಟ್ಟುತ್ತ ಬಂದವು. ಕಟ್ಟುವಷ್ಟರಲ್ಲಿಯೇ ಗವರ್ನರನ ಸಾಮ್ರಾಜ್ಯವೂ ಹೋಯಿತು, ರಾಜಕುಮಾರನ ರಾಜ್ಯವೂ ಹೋಯಿತು. 1953ರಲ್ಲಿ ನೀರು ನಿಂತಾಗ ಕಟ್ಟೆ ಮಾತ್ರ ಒಂದಾಗಿ ನಿಂತಿತ್ತು. ಅದರ ಕೆಳಗೆ ಎರಡೂ ದಂಡೆಗಳ ಸುಮಾರು 90 ಹಳ್ಳಿಗಳು ಮುಳುಗಿದವು. ನೀರು ಮುಳುಗಿಸುವಾಗ ಇದು ಮೊಗಲಾಯಿ, ಅದು ಮದ್ರಾಸು ಎಂದು ನೋಡಲಿಲ್ಲ.

2024ರ ಆಗಸ್ಟ 10ರ ರಾತ್ರಿ ಇದೇ ಕಟ್ಟೆಯ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಹರಿದು ಬಾಗಿಲು ಕೊಚ್ಚಿ ಹೋಯಿತು. ತುಂಬಿ ನಿಂತಿದ್ದ ನೀರು ಹರಿದುಹೋಗುವದನ್ನು ಗಂಗಾವತಿಯ ಭತ್ತದ ರೈತನೂ ಹೊಸಪೇಟೆಯ ಕಬ್ಬಿನ ರೈತನೂ ಒಂದೇ ಅಂಜಿಕೆಯಿಂದ ನೋಡಿದರು. ಕಾಲುವೆಯ ಕೊನೆಯಲ್ಲಿರುವ ಆಂಧ್ರ, ತೆಲಂಗಾಣಗಳ ರೈತರೂ ನೋಡಿದರು. ಹರಿಯುವ ನೀರಿನಲ್ಲಿಯೇ ಹಲಗೆಗಳನ್ನಿಳಿಸಿ ಆ ಕಂಡಿಯನ್ನು ಮುಚ್ಚಿದಾಗ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು. ಗಡಿಯು ಕೃತ್ರಿಮವೆಂಬುದಕ್ಕೂ ಹೊಳೆಯು ಸಹಜವೆಂಬುದಕ್ಕೂ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಗಡಿಯು ಪೂರ್ಣವಾಗಿ ಅಳಿಯಿತೆ? 1953ರ ಅಕ್ಟೋಬರ 1ರಂದು ಹೊಸಪೇಟೆಯು ಮೈಸೂರಿಗೆ ಸೇರಿತು. 1956ರ ನವಂಬರ 1ರಂದು ಹುಲಿಗಿಯೂ ಸೇರಿತು. 156 ವರ್ಷಗಳ ಗೆರೆ ಒಂದೇ ದಿನದಲ್ಲಿ ನಕಾಶೆಯಿಂದ ಹೋಯಿತು. ಆದರೆ ನಕಾಶೆಯಿಂದ ಹೋದುದೆಲ್ಲವೂ ನೆಲದಿಂದ ಹೋಗುವದಿಲ್ಲ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ನಾಡಿನ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿದಾಗ, ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿಯೇ ಇದ್ದವು. ಅಳಿಸಿದ ಗೆರೆಯು ಅಂಕಿಗಳಲ್ಲಿ ಮರಳಿ ಮೂಡಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ಕಲಮು ಬಂದು, ಈ ಭಾಗದ ಮಕ್ಕಳಿಗೆ ಶಿಕ್ಷಣ-ನೌಕರಿಗಳಲ್ಲಿ ಮೀಸಲು ದೊರೆತುದು ಈ ಕಾರಣದಿಂದಲೇ. ಇದನ್ನು ಕೃಪೆಯೆಂದು ಕೊಂಕು ಮಾತಾಡುವ ದಕ್ಷಿಣದ ಬಂಧುಗಳನ್ನು ನಾವು ಕೇಳಿದ್ದೇವೆ. ಅದು ಕೃಪೆಯಲ್ಲ, ಬಾಕಿಯ ಸಂದಾಯ. ಹಾಗೆಯೇ, ಬಾಕಿ ಪೂರ್ತಿ ಸಂದಿಲ್ಲವೆಂದು ಪ್ರತ್ಯೇಕ ರಾಜ್ಯದ ಮಾತೆತ್ತುವ ಈಚೆಯ ಬಂಧುಗಳನ್ನೂ ಕೇಳಿದ್ದೇವೆ. ಅವರ ದುಃಖ ನಿಜ; ಅವರು ಹೇಳುವ ಮದ್ದು ಮಾತ್ರ ರೋಗಕ್ಕಿಂತ ಕೆಟ್ಟದು. ಗೆರೆಯಿಂದಾದ ಗಾಯವನ್ನು ಇನ್ನೊಂದು ಗೆರೆ ಎಳೆದು ಮಾಯಿಸಲಾಗದು.

ಇನ್ನು ಆದವಾನಿಯ ಮಾತು. 1800ರಲ್ಲಿ ಕೊಪ್ಪಳಕ್ಕೆ ಬದಲಾಗಿ ಹೋದ ಆದವಾನಿಯು 1953ರಲ್ಲಿ ಆಲೂರು, ರಾಯದುರ್ಗಗಳೊಡನೆ ಆಂಧ್ರಕ್ಕೆ ಸೇರಿತು. ಅಲ್ಲಿಯ ಕನ್ನಡಿಗರು ಇಂದು ನಿಜವಾಗಿಯೂ ಗಡಿಯಾಚೆಯವರು. ಆ ನೆಲಕ್ಕಾಗಿ ಜಗಳ ತೆಗೆಯಿರೆಂದು ನಾವು ಹೇಳುತ್ತಿಲ್ಲ. ತೆಲುಗರು ನಮ್ಮ ನೆರೆಯವರು, ಹುಲಿಗೆಮ್ಮನ ಮೆಟ್ಟಿಲ ಮೇಲೆ ನಮ್ಮೊಡನೆ ಮಿಂದು ಬರುವವರು. ಆದರೆ ಅಲ್ಲಿಯ ಕನ್ನಡ ಶಾಲೆಗಳಲ್ಲಿ ಕಲಿಯುವ ಮಕ್ಕಳನ್ನು ನಾವು ವರ್ಷಕ್ಕೊಮ್ಮೆಯಾದರೂ ಹೋಗಿ ಕಾಣುವೆವೆ? ಅವರಿಗೆ ನಮ್ಮ ಪುಸ್ತಕಗಳು ಮುಟ್ಟುವವೆ? ಶನಿವಾರ-ರವಿವಾರಗಳ ಒಂದು ಪ್ರವಾಸವನ್ನು ಅತ್ತ ಕೂಡ ಮಾಡಬಾರದೆ?

ಈ ಪ್ರವಾಸದಿಂದ ಹಿಂದಿರುಗಿದ ಮೇಲೆ ಶಿಕ್ಷಕ ಬಂಧುಗಳ ಮುಂದೆ ನಾವು ಇಡುವ ಬೇಡಿಕೆ ದೊಡ್ಡದಲ್ಲ. ಹೊಸಪೇಟೆಯ ಮಕ್ಕಳನ್ನು ಒಂದು ದಿನ ಹುಲಿಗಿ-ಆನೆಗುಂದಿಗಳಿಗೆ ಕರೆತನ್ನಿರಿ; ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಮಕ್ಕಳನ್ನು ಆಚೆಗೆ ಒಯ್ಯಿರಿ. ಸೇತುವೆಯ ನಡುವೆ ಬಂದಾಗ, ಇಲ್ಲಿ ಗಡಿಯಿತ್ತು ಎಂದು ಹೇಳಿರಿ. ಅದನ್ನು ಯಾರು ಹಾಕಿದರು, ಯಾರು ತೆಗೆದರು ಎಂಬುದನ್ನೂ ಹೇಳಿರಿ. ಸರಕಾರವು ಸೇತುವೆಯ ಎರಡೂ ತುದಿಗಳಲ್ಲಿ ಇದನ್ನು ಬರೆದು ಒಂದೊಂದು ಕಲ್ಲು ನೆಡಿಸಿದರೆ ಒಳ್ಳೆಯದು. ನೆಡಿಸದಿದ್ದರೆ ಊರವರೇ ನೆಡಲಿ.

ಇನ್ನೊಂದು ಕೆಲಸಕ್ಕೆ ಮಾತ್ರ ತಡ ಮಾಡಲಾಗದು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಹೊಳೆ ದಾಟಿದ ಆ ರಾತ್ರಿಗಳನ್ನು ಕಣ್ಣಾರೆ ಕಂಡವರು ಪ್ರತಿ ಊರಿನಲ್ಲಿಯೂ ಬೆರಳೆಣಿಕೆಯಷ್ಟು ಉಳಿದಿರುವರು. ಅವರ ಹೆಸರು ಯಾವ ಸನ್ಮಾನದ ಪಟ್ಟಿಯಲ್ಲಿಯೂ ಇಲ್ಲ. ಅವರು ಸೆರೆಮನೆಗೆ ಹೋಗಲಿಲ್ಲ, ಬಂದೂಕು ಹಿಡಿಯಲಿಲ್ಲ. ಕೂಸಿನ ಬಾಯಿಗೆ ಸೆರಗು ಒತ್ತಿ ಹಿಡಿದುದಷ್ಟೇ ಅವರ ತಾಯಂದಿರ ಪರಾಕ್ರಮ. ಬರುವ ರಜೆಯಲ್ಲಿ ಪ್ರತಿ ಶಾಲೆಯ ಹತ್ತು ಮಕ್ಕಳು ಹತ್ತು ಜನ ಹಿರಿಯರ ಬಳಿ ಕುಳಿತು ಕೇಳಿ ಬರೆದುಕೊಂಡರೆ ಸಾಕು, ನಮ್ಮ ನಾಡಿನ ಚರಿತ್ರೆಗೆ ಯಾವ ದಫ್ತರದಲ್ಲಿಯೂ ಸಿಗದ ಒಂದು ಸಂಪುಟ ಸಿದ್ಧವಾಗುವದು. ಮುಂದಿನ ವರ್ಷ ಮಾಡೋಣವೆಂದರೆ ಕೇಳಲು ಮಕ್ಕಳಿದ್ದಾರು, ಹೇಳಲು ಹಿರಿಯರಿರಲಿಕ್ಕಿಲ್ಲ.

ರವಿವಾರ ಸಂಜೆಯ ಗಾಡಿಯಲ್ಲಿ ನಾವು ಮರಳಿ ಹೊಳೆ ದಾಟಿದೆವು. ಡಬ್ಬಿಯಲ್ಲಿ ಒಂದು ಕೂಸು ಗಟ್ಟಿಯಾಗಿ ಅಳುತ್ತಿತ್ತು. ಸೇತುವೆಯ ಈ ತುದಿಯಿಂದ ಆ ತುದಿಯ ವರೆಗೂ ಅದು ಅಳುತ್ತಲೇ ಇದ್ದಿತು. ಅದರ ಬಾಯಿಗೆ ಯಾರೂ ಸೆರಗು ಒತ್ತಲಿಲ್ಲ. ಏಕೀಕರಣದಿಂದ ನಮಗೇನು ದೊರೆಯಿತೆಂದು ಕೇಳುವವರಿಗೆ ನಾವು ಮೊದಲು ಹೇಳುವ ಉತ್ತರ ಇದೇ. ಉಳಿದ ಉತ್ತರಗಳನ್ನು ಒದಗಿಸುವ ಹೊಣೆ ಎರಡೂ ದಂಡೆಯ ಕನ್ನಡಿಗರದು.